ತಾಂಡೂರಿಗೆ ಹೊರಟ ಬೇವಿನ ಮೇಜು

ಮನುಷ್ಯ ನೆಲ ಬಿಟ್ಟು ಒಂದೂವರೆ ಅಡಿ ಎತ್ತರದಲ್ಲಿ ಕೂಡಲು ಕಲಿತ ದಿನವೇ ನಾಗರಿಕತೆ ಆರಂಭವಾಯಿತು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪೀಠವಿಲ್ಲದೆ ರಾಜ್ಯವಿಲ್ಲ, ಮೇಜಿಲ್ಲದೆ ಕಚೇರಿಯಿಲ್ಲ, ಬೆಂಚಿಲ್ಲದೆ ವಿದ್ಯೆಯಿಲ್ಲ. ಈ ಮಾತನ್ನು ನಾನು ಜಹೀರಾಬಾದಿನ ಒಂದು ಸರ್ಕಾರಿ ಶಾಲೆಯಲ್ಲಿ ಕ್ರಾಫ್ಟ್ ಮಾಸ್ತರನಾಗಿ ಇಪ್ಪತ್ತೆರಡು ವರ್ಷ ಹೇಳುತ್ತ ಬಂದೆ. ಕೇಳುತ್ತಿದ್ದ ಮಕ್ಕಳೆಲ್ಲ ನೆಲದ ಮೇಲೆ ಕೂತಿರುತ್ತಿದ್ದರು.

ಮರಗೆಲಸ ಎಂಬ ವಿಷಯ ನನ್ನ ನೇಮಕಾತಿ ಪತ್ರದಲ್ಲಿತ್ತು. ಗರಗಸ, ಉಳಿ, ಕೊಡತಿ, ಮರ ಹೆರೆಯುವ ಎರಡು ರಂಧಾ, ಇಷ್ಟು ಶಾಲೆಯ ದಾಸ್ತಾನು ಪುಸ್ತಕದಲ್ಲೂ ಇದ್ದವು, ಕಪಾಟಿನಲ್ಲೂ ಇದ್ದವು. ಕಟ್ಟಿಗೆ ಮಾತ್ರ ಎಂದೂ ಮಂಜೂರಾಗಲಿಲ್ಲ. ಹೀಗಾಗಿ ಮೇಜು ಮಾಡುವ ಬಗೆಯನ್ನು ನಾನು ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಕಲಿಸಿದೆ. ಅಲ್ಲಿ ನಾನು ಮಾಡಿದ ಮೇಜುಗಳಲ್ಲಿ ಒಂದೂ ಅಲುಗಾಡಿದ್ದಿಲ್ಲ. ಈ ದಾಖಲೆಯನ್ನು ಮುರಿಯುವ ಸಂದರ್ಭ ತೆಲಂಗಾಣ ಚಳವಳಿಯ ಒಂದು ಚಳಿಗಾಲದಲ್ಲಿ ಬಂತು.

ಆ ಚಳಿಗಾಲ ದೆಹಲಿಯಿಂದ ಪ್ರತ್ಯೇಕ ರಾಜ್ಯದ ಬಗ್ಗೆ ಒಂದು ಮಾತು ಬಂತು. ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಬಂದ ಹಾದಿಯಲ್ಲೇ ಹಿಂದಿರುಗಿತು. ಮೊದಲು ಮಾತು ಬರಲೆಂದು ಬಂದ್, ಆಮೇಲೆ ಹಿಂದೆ ಹೋಯಿತೆಂದು ಬಂದ್. ಶಾಲೆ ತೆರೆದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನಾನೂ ಚಳವಳಿಯವನೇ. ನೌಕರರ ಮೆರವಣಿಗೆಯಲ್ಲಿ ಬ್ಯಾನರಿನ ಒಂದು ತುದಿ ಹಿಡಿದು ನಡೆದವನು. ಉಳಿದ ಹೊತ್ತು ಮನೆಯಲ್ಲಿ ಕೂತು ಹೆಂಡತಿಯ ಕೆಲಸಕ್ಕೆ ಅಡ್ಡಿಯಾಗುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ತಾಂಡೂರಿನಿಂದ ತಂಗಿಯ ಫೋನು ಬಂತು. ಆಕೆಯ ಗಂಡ ಇಪ್ಪತ್ತು ವರ್ಷ ಅಲ್ಲಿಯ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಯಂತ್ರದ ಮೇಲೆ ದುಡಿದವನು. ಕಲ್ಲಿನ ಧೂಳು ಎದೆಗೆ ಇಳಿದು, ನಾಲ್ಕು ಹೆಜ್ಜೆಗೆ ಒಮ್ಮೆ ನಿಲ್ಲುವಂತಾಗಿ, ಡಾಕ್ಟರು ಇನ್ನು ಧೂಳಿನ ಕೆಲಸ ಕೂಡದು ಎಂದಿದ್ದರು. ತಂಗಿ ರೈಲ್ವೆ ಸ್ಟೇಷನ್ ಎದುರು ಖಾನಾವಳಿ ಇಡುವ ನಿಶ್ಚಯ ಮಾಡಿದ್ದಳು. ಆ ಮನೆಗೆ ಇನ್ನು ಬೇರೆ ದಾರಿ ಇರಲಿಲ್ಲ.

“ಅಣ್ಣಾ, ಖೋಲಿ ಸಿಕ್ಕದ. ಆದ್ರ ಮಾಲಕ ಸಂಕ್ರಾಂತಿ ತನಕ ಅಷ್ಟೇ ನಿಂದರ್ತೀನಿ ಅಂದಾನ. ಅಷ್ಟರಾಗ ಒಲಿ ಹತ್ತಿ ಮಂದಿ ಉಣ್ಲಿಲ್ಲ ಅಂದ್ರ ಮೊಬೈಲ್ ಅಂಗಡಿಯಂವಗ ಕೊಡ್ತಾನಂತ.”

“ಮತ್ತ ಹಚ್ಚು ಒಲಿ.”

“ಒಲಿ ಅದ, ಭಾಂಡಿ ಅವ, ಅಡಗಿ ಮಾಡಾಕ ನಾ ಇದ್ದೀನಿ. ಮಂದಿ ಕೂಡಾಕ ಏನೂ ಇಲ್ಲ. ಇಲ್ಲಿ ಬಡಿಗ್ಯಾ ಬಂದ್ ಮುಗೀಲಿ ಅಂತಾನ. ಬಂದ್ ಯಾವಾಗ ಮುಗೀತದ ಅಂತ ಅವನಿಗೂ ಗೊತ್ತಿಲ್ಲ, ಮಾಡೋರಿಗೂ ಗೊತ್ತಿಲ್ಲ.”

“ನೆಲದ ಮ್ಯಾಲ ಕೂಡಿಸಾಕ ಬರಲ್ಲೇನು?”

“ಸಿಮೆಂಟ್ ಫ್ಯಾಕ್ಟ್ರಿ ಮಂದಿ ಪ್ಯಾಂಟ್ ಹಾಕ್ಕೊಂಡ್ ಬರ್ತಾರಣ್ಣ. ನೆಲದ ಮ್ಯಾಲ ಅವ್ರು ಕೂಡಲ್ಲ.”

ಇಪ್ಪತ್ತೆರಡು ವರ್ಷದ ನನ್ನ ಸಿದ್ಧಾಂತವನ್ನು ನನ್ನ ತಂಗಿಯೇ ನನಗೆ ಹೇಳುತ್ತಿದ್ದಳು. ನನ್ನ ಬಾಯಿ ನನ್ನನ್ನು ಕೇಳದೆ ನುಡಿಯಿತು: “ಫಿಕರ್ ಮಾಡಬ್ಯಾಡ. ನಾ ಮಾಡಿ ಕೊಡ್ತೀನಿ. ಎರಡು ಟೇಬಲ್, ನಾಕು ಬೆಂಚು.”

ಫೋನು ಇಟ್ಟ ಮೇಲೆ ಒಲೆಯ ಹತ್ತಿರದಿಂದ ಹೆಂಡತಿಯ ದನಿ ಬಂತು. “ಯಾರು ಮಾಡ್ತಾರ್ರಿ?”

“ನಾನು.”

“ಹೌದೇನು?” ಎಂದಳು. ಇಷ್ಟು ಚಿಕ್ಕ ಮಾತಿನಲ್ಲಿ ಅಷ್ಟು ದೊಡ್ಡ ಅವಿಶ್ವಾಸ ಗೊತ್ತುವಳಿಯನ್ನು ಯಾವ ವಿಧಾನಸಭೆಯೂ ಮಂಡಿಸಿರಲಾರದು.

ಸಂಕ್ರಾಂತಿಗೆ ಐದು ವಾರ ಇತ್ತು. ನಾರಾಯಣಖೇಡದ ಹತ್ತಿರದ ನಮ್ಮ ಹಳ್ಳಿಯ ಹೊಲದಲ್ಲಿ, ಬಾವಿಯ ಬದಿಗಿದ್ದ ಹಳೆಯ ಬೇವಿನ ಗಿಡ ಆ ಮಳೆಗಾಲದ ಗಾಳಿಗೆ ಬಿದ್ದಿತ್ತು. ಬಂದ್ ಇಲ್ಲದ ಒಂದು ದಿನ ನೋಡಿ ಅದನ್ನು ನಾರಾಯಣಖೇಡದ ಕಟ್ಟಿಗೆ ಕೊಯ್ಯುವ ಗಿರಣಿಗೆ ಹಾಕಿಸಿದೆ. ಒಂದೂವರೆ ಇಂಚಿನ ಹಲಗೆಗಳು, ಕಾಲುಗಳಿಗೆ ಮೂರು ಇಂಚು ಚೌಕದ ತುಂಡುಗಳು, ಕಾಲುಗಳನ್ನು ಒಂದಕ್ಕೊಂದು ಜೋಡಿಸಲು ಪಟ್ಟಿಗಳು. ಒಳಗಿನ ಕಟ್ಟಿಗೆ ಕೆಂಪಗೆ, ಎಳೆ ಎಳೆಯಾಗಿ, ನೋಡಲು ಬಹಳ ಘನವಾಗಿತ್ತು. ಅಂಚಿನ ತೊಗಟೆಯ ಡೊಂಕನ್ನು ಹಾಗೆಯೇ ಉಳಿಸಿದರೆ ಹಳ್ಳಿಯ ಕಳೆ ಇರುತ್ತದೆ ಎಂದೂ ತೀರ್ಮಾನಿಸಿದೆ. ನೇರಗೆ ಕೊಯ್ಯಲು ನನಗೆ ಬರುತ್ತಿರಲಿಲ್ಲ ಎಂಬುದು ಇದಕ್ಕೆ ಪೋಷಕವಾದ ಕಾರಣ.

ಗಿರಣಿಯ ಬಾಗಿಲಲ್ಲಿ ಬಂಡಿ ಮಾಡುವ ನಮ್ಮೂರಿನ ಹಳೆಯ ಬಡಿಗ ಕೂತಿದ್ದ. ಹಲಗೆಯ ಹತ್ತಿರ ಬಂದು ಅದನ್ನು ಮೂಸಿ ನೋಡಿದ.

“ಮಾಸ್ತರ, ಇದ್ರದ್ದು ಏನ್ ಮಾಡಾವ್ರಿದ್ದೀರಿ?”

“ಟೇಬಲ್.”

“ಯಾವ ವರ್ಷಕ್ಕ?”

“ಈ ಸಂಕ್ರಾಂತಿಗಿ.”

ಬೆರಳ ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ಕುಟ್ಟಿದ. “ಕೇಳ್ರಿ. ಡಬ್ ಅಂತದ. ಒಣಗಿದ್ದ ಕಟಗಿ ಠಣ್ ಅಂತದ. ಇದು ಇನ್ನಾ ಗಿಡಾನೇ ಅದ, ಮಲ್ಕೊಂಡದ ಅಷ್ಟೇ.” ಕಾಲಿನ ತುಂಡುಗಳ ಕಡೆ ಕೈ ತೋರಿಸಿ ಹೇಳಿದ: “ಮಾಡೋದೇ ಇದ್ರ ಬಂಡಿ ಮಾಡಿದಂಗ ಮಾಡ್ರಿ. ಕಾಲು ಹಸೀದಿರ್ಲಿ, ಅದ್ರಾಗ ಹೋಗೋ ನಾಲಗಿ ಒಣಗಿರ್ಲಿ. ಕಾಲು ಒಣಗತಾ ಒಣಗತಾ ನಾಲಗೀನ ಹಿಡ್ಕೊಂತದ. ಮ್ಯಾಲಿನ ಹಲಗಿ ಮಾತ್ರ ಬಿಗೀಬ್ಯಾಡ್ರಿ. ಬಂಡಿ ತಳದಂಗ ಸಡ್ಲ ಬಿಡ್ರಿ. ಕಟಗಿ ಜರಾ ಅತ್ತಿತ್ತ ಸರೀತದ.”

ನಾಲಗೆ ಎಂದರೆ ಪಟ್ಟಿಯ ತುದಿಯನ್ನು ತೆಳ್ಳಗೆ ಕೆತ್ತಿ ಕಾಲಿನ ಕುಳಿಯೊಳಗೆ ಕೂಡಿಸುವ ಭಾಗ. ಇದನ್ನು ನಾನು ಆರನೆಯ ಪಾಠದಲ್ಲಿ ಚಿತ್ರಸಹಿತ ಕಲಿಸುತ್ತಿದ್ದೆ. ನನಗೆ ಕಲಿಸಲು ಬಂದ ಈತನ ಮೇಲೆ ಕನಿಕರವಾಯಿತು.

“ಅಜ್ಜಾ, ಟೇಬಲ್ ಅಂದ್ರ ಬಂಡಿ ಅಲ್ಲ.”

“ಹೌದ್ರಿ. ಬಂಡೀಗಿ ತಿಳುವಳಿಕಿ ಇರೋ ಎರಡು ಎತ್ತಾದ್ರೂ ಇರ್ತಾವ.”

ನಾನು ಶಾಸ್ತ್ರೋಕ್ತವಾಗಿಯೇ ಮುಂದುವರಿದೆ. ಶಾಲೆಯ ಪ್ರಯೋಗಾಲಯದ ತಕ್ಕಡಿ ತಂದು ಬೇವಿನ ಒಂದು ತುಂಡನ್ನು ತೂಗಿದೆ. ಅದನ್ನು ಹೆಂಡತಿಯ ಕುಕ್ಕರಿನಲ್ಲಿ ನೀರಿಲ್ಲದೆ, ಸೀಟಿಯಿಲ್ಲದೆ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿದೆ. ಕಳೆದುಹೋದ ನೀರನ್ನು ಒಣ ಕಟ್ಟಿಗೆಯ ತೂಕದಿಂದ ಭಾಗಿಸಿದೆ. ನೂರಕ್ಕೆ ಮೂವತ್ತೆಂಟು ಪಾಲು ನೀರು. ಪುಸ್ತಕದ ಪ್ರಕಾರ ಹನ್ನೆರಡಿರಬೇಕು. ಹಲಗೆಯನ್ನು ನೆರಳಲ್ಲಿ ಒಣಗಿಸಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಬೇಕು ಎಂದೂ ಪುಸ್ತಕದಲ್ಲಿತ್ತು. ಲೆಕ್ಕದಂತೆ ನನಗೆ ಹದಿನೆಂಟು ತಿಂಗಳು ಬೇಕಿತ್ತು. ಇದ್ದದ್ದು ಮೂವತ್ತೊಂದು ದಿನ. ಕುಕ್ಕರಿನಲ್ಲಿ ಮಾಡಿದ ಅನ್ನ ಮುಂದಿನ ಒಂದು ವಾರ ಬೇವಿನ ಕಷಾಯದಂತಿತ್ತು.

ಪರಿಹಾರ ಕಬ್ಬಿನ ರೂಪದಲ್ಲಿ ಬಂತು. ಜಹೀರಾಬಾದಿನ ಹೊರಗೆ ನನ್ನ ಹಳೆಯ ಶಿಷ್ಯನೊಬ್ಬನ ಕಬ್ಬಿನ ಹೊಲ, ಟ್ರ್ಯಾಕ್ಟರ್ ಮತ್ತು ಬೆಲ್ಲದ ಗಾಣ ಇದ್ದವು. ಈಗ ಅವನೇ ಮೂರು ಮಕ್ಕಳ ತಂದೆ. ಬೆಲ್ಲ ಕಾಯಿಸುವ ಕೊಪ್ಪರಿಗೆಯ ಒಲೆ ದಿನವಿಡೀ ಉರಿಯುತ್ತದೆ. ಅದರ ಹಿಂದಿನ ಗೋಡೆಗೆ ಹೊಂದಿ ಹಲಗೆ, ಪಟ್ಟಿಗಳನ್ನು ಒಟ್ಟಿ ಇಟ್ಟರೆ ಬೇಗ ಒಣಗುತ್ತವೆ ಎಂದು ನಾನು ಯೋಚಿಸಿದೆ. ಹಲಗೆಗಳ ನಡುವೆ ಬೆರಳು ದಪ್ಪದ ಕಡ್ಡಿ ಇಟ್ಟು, ಗಾಳಿ ಆಡುವಂತೆ, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ ಒಟ್ಟಿದೆ. ಕಾಲಿನ ತುಂಡುಗಳಿಗೆ ಅಲ್ಲಿ ಜಾಗ ಸಾಲಲಿಲ್ಲ. ಅವು ಮನೆಯಲ್ಲೇ ಉಳಿದವು.

ಹನ್ನೆರಡು ದಿನ ಬಿಟ್ಟು ಹೋದೆ. ಹಲಗೆಗಳು ಒಣಗಿದ್ದವು. ಒಲೆಯ ಕಡೆಗಿದ್ದವು ತೊಟ್ಟಿಲಿನಂತೆ ಬಾಗಿ, ತುದಿಗಳಲ್ಲಿ ಒಂದು ಗೇಣು ಸೀಳಿದ್ದವು. ಕಬ್ಬಿನ ಹಾಲಿನ ಹಬೆ ಕೂತು ಎಲ್ಲವೂ ಅಂಟಂಟಾಗಿದ್ದವು. ಆ ಅಂಟಿನ ಮೇಲೆ ಜಹೀರಾಬಾದ್ ಸೀಮೆಯ ಅಷ್ಟೂ ಇರುವೆಗಳು ಮಹಾಸಭೆ ಸೇರಿದ್ದವು.

“ಸರ್, ನಿಮ್ಮ ಟೇಬಲ್ ನಡ್ಕೊಂಡೇ ಬರ್ತದ ಮನೀಗಿ” ಎಂದ ಶಿಷ್ಯ.

“ನಗಬ್ಯಾಡ. ಬಿಸಿನೀರ ತಾ.”

“ಒಣಗಸಾಕ ಇಟ್ಟಿದ್ದಕ್ಕ ನೀರ ಹಾಕ್ತೀರೇನ್ರಿ?”

ಒದ್ದೆ ಬಟ್ಟೆಯಿಂದ ಒರೆಸಿ, ಹಲಗೆಗಳನ್ನು ಮನೆಗೆ ತಂದೆ.

ಅಂಗಳದಲ್ಲಿ ಕೆಲಸ ಆರಂಭವಾಯಿತು. ಬೇವಿನ ಎಳೆ ಒಂದು ಗೇಣು ಬಲಕ್ಕೆ ತಿರುಗಿದರೆ ಮುಂದಿನ ಗೇಣು ಎಡಕ್ಕೆ ತಿರುಗುತ್ತದೆ. ರಂಧಾವನ್ನು ಮುಂದಕ್ಕೆ ಹೊಡೆದರೆ ಕಟ್ಟಿಗೆ ಕಿತ್ತು ಬರುತ್ತಿತ್ತು. ಹಿಂದಕ್ಕೆ ಎಳೆದರೂ ಕಿತ್ತು ಬರುತ್ತಿತ್ತು. ದೆಹಲಿಯ ಮಾತಿಗೂ ಇದಕ್ಕೂ ಒಂದೇ ಎಳೆ. ಕೊನೆಗೆ ಒಡೆದ ಗಾಜಿನ ಚೂರಿನಿಂದ ಹೆರೆದು ಹೆರೆದು ನಯ ಮಾಡಿದೆ. ಹೆರೆದ ಪುಡಿ ಅಂಗಳ ದಾಟಿ ಅಡುಗೆಮನೆಗೆ ಹೋಯಿತು. ಬೇಳೆ ಕಹಿ, ಪಲ್ಯ ಕಹಿ, ಚಹಾ ಕಹಿ.

“ಏನ್ರಿ, ಈ ಸಾರಿಗಿ ನಾ ಎಲ್ಲಾ ಬರಾಬರ್ ಹಾಕೀನಿ” ಎಂದಳು ಹೆಂಡತಿ. “ನೀವು ನಿಮ್ಮ ಟೇಬಲ್ ಹಾಕೀರಿ.”

ಕಾಲುಗಳಲ್ಲಿ ಕುಳಿ ಕೊರೆದು, ಪಟ್ಟಿಯ ನಾಲಗೆಗಳನ್ನು ಕೊಡತಿಯಿಂದ ಬಡಿದು ಕೂಡಿಸಿದೆ. ಕಾಲುಗಳು ಗಾಣಕ್ಕೆ ಹೋಗದೆ ಒಳಗೆ ಹಸಿಯಾಗಿಯೇ ಇದ್ದವು, ಪಟ್ಟಿಗಳು ಒಣಗಿದ್ದವು. ಇದು ಶಾಸ್ತ್ರಕ್ಕೆ ವಿರುದ್ಧವೆಂದು ನನಗೆ ಬೇಸರವಿತ್ತು, ಆದರೆ ದಿನ ಇರಲಿಲ್ಲ. ಮೇಲಿನ ಹಲಗೆಗಳಿಗೆ ಮಾತ್ರ ಶಾಸ್ತ್ರದಲ್ಲಿ ರಾಜಿ ಮಾಡಲಿಲ್ಲ. ಒಂದೊಂದು ಮೇಜಿಗೆ ಮೂರು ಹಲಗೆ, ಅಂಚಿಗೆ ಅಂಚು ಬಿಳಿ ಅಂಟು ಹಚ್ಚಿ, ಹಗ್ಗದಿಂದ ಬಿಗಿದು ಒಂದು ದಿನ ಬಿಟ್ಟು, ಆಮೇಲೆ ಕೆಳಗಿನ ಚೌಕಟ್ಟಿಗೆ ನಾಲ್ಕೂ ಕಡೆಯಿಂದ ಅಂಟು ಮತ್ತು ಸ್ಕ್ರೂ. ಮೇಜೊಂದಕ್ಕೆ ಇಪ್ಪತ್ತನಾಲ್ಕು ಸ್ಕ್ರೂ. ಎಲ್ಲೂ ಕೂದಲು ಹೋಗುವಷ್ಟು ಸಂದು ಇರಲಿಲ್ಲ. ಬಂಡಿ ಬಡಿಗ ಇದನ್ನು ನೋಡಬೇಕಿತ್ತು ಎಂದುಕೊಂಡೆ.

ಬಣ್ಣಕ್ಕೆ ಚಪಡಾ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಅರಳೆಯನ್ನು ಹಳೆಯ ಧೋತರದ ತುಂಡಿನಲ್ಲಿ ಉಂಡೆ ಕಟ್ಟಿ, ಒಂದರ ಮೇಲೊಂದು ಎಂಟು ಕೈ ಎಳೆದೆ. ಎರಡು ಕೈಗಳ ನಡುವೆ ಉಜ್ಜುವ ಕಾಗದ. ನಾಲ್ಕನೆಯ ಕೈಗೆ ಎಳೆ ಕಾಣಿಸಿತು. ಆರನೆಯದಕ್ಕೆ ಹೊಳಪು ಬಂತು. ಎಂಟನೆಯದಕ್ಕೆ ನನ್ನ ಮುಖವೇ ಕಂಡಿತು. ತೊಗಟೆಯ ಡೊಂಕು ಅಂಚು, ಕೆಂಪು ಮೈ, ಗಂಟುಗಳು. ಸಹೋದ್ಯೋಗಿಗಳು ಮೆರವಣಿಗೆ ಮುಗಿಸಿ ಬಂದು ನೋಡಿ ಹೋದರು.

ಹೆಂಡತಿಯೂ ಬಂದು ನೋಡಿದಳು. “ಚಂದ ಅದ್ರಿ. ಇದ್ರ ಮ್ಯಾಲ ನೀರ ಬಿದ್ರ ಏನಾಗ್ತದ?”

“ಬೀಳಬಾರದು.”

“ಬಿಸೀದು ಇಟ್ರ?”

“ಇಡಬಾರದು.”

“ಖಾನಾವಳ್ಯಾಗ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಸಂಕ್ರಾಂತಿಗೆ ಐದು ದಿನ ಉಳಿದಿದ್ದವು. ಬಸ್ಸುಗಳನ್ನು ನೆಚ್ಚುವಂತಿರಲಿಲ್ಲ. ಶಿಷ್ಯ ಕಬ್ಬಿನ ಟ್ರಾಲಿ ತೊಳೆದು ತಂದ. “ಇವತ್ತ ಬಂದ್ ಇಲ್ಲ ಸರ್, ಪೇಪರಿನ್ಯಾಗೇ ಬಂದದ” ಎಂದ. ಗೋಣಿಚೀಲ, ಹಳೆಯ ಗಾದಿ ಸುತ್ತಿ ಎರಡು ಮೇಜು ನಾಲ್ಕು ಬೆಂಚು ಏರಿಸಿದೆವು. ನಾನು ಟ್ರಾಲಿಯಲ್ಲಿ ಅವುಗಳ ಜೊತೆಗೇ ಕೂತೆ.

ಕೊಹೀರ್ ಕ್ರಾಸಿನಲ್ಲಿ ಹೆದ್ದಾರಿ ನಿಂತಿತ್ತು. ಪತ್ರಿಕೆ ಸುಳ್ಳು ಹೇಳಿರಲಿಲ್ಲ, ಬಂದ್ ಇರಲಿಲ್ಲ. ರಸ್ತೆಯ ಮೇಲೆ ಅಡುಗೆ ಮಾಡಿ ಅಲ್ಲೇ ಉಣ್ಣುವ ಹೋರಾಟ ಇತ್ತು. ಹೆದ್ದಾರಿಯ ನಟ್ಟನಡುವೆ ಮೂರು ಕಲ್ಲಿನ ಒಲೆಗಳು, ಅವುಗಳ ಮೇಲೆ ಅನ್ನ, ಸಾರು. ಮುಂಬೈ ಕಡೆಯ ಲಾರಿಗಳು ಒಂದು ಬದಿ, ಹೈದರಾಬಾದಿನವು ಇನ್ನೊಂದು ಬದಿ. ನಡುವೆ ಟ್ರಾಲಿಯಲ್ಲಿ ನಾನು.

ಮುಂದಾಳು ನನ್ನನ್ನು ಗುರುತು ಹಿಡಿದ. “ಸಾರೂ! ಜೈ ತೆಲಂಗಾಣ! ನೀವೂ ಬಂದ್ರೇನ್ರಿ? ಈ ಬೆಂಚ್ ಯಾರವ್ರಿ?”

“ನಮ್ಮವೇ.”

“ನಮ್ಮವೇ ಅಂದ್ರ ಎಲ್ಲಾರವೂ ಅದಾವಲ್ರಿ! ಇಳಸ್ರಪ್ಪ!”

“ಅಲ್ರೀ, ಇವು ತಾಂಡೂರಿಗಿ…”

“ತಾಂಡೂರೂ ತೆಲಂಗಾಣದಾಗೇ ಅದ ಸಾರೂ.”

ಬ್ಯಾನರಿನ ತುದಿ ಹಿಡಿದವನಿಗೆ ಇದಕ್ಕೆ ಎದುರು ಮಾತು ಎಲ್ಲಿಯದು? ಗಾದಿ, ಗೋಣಿಚೀಲ ಬಿಚ್ಚಿದರು. ಬೆಂಚುಗಳ ಮೇಲೆ ಹಿರಿಯರು ಕೂತರು. ಒಂದು ಮೇಜಿನ ಮೇಲೆ ಅನ್ನದ ಹಂಡೆಯನ್ನು ಒಲೆಯಿಂದ ಇಳಿಸಿದ್ದು ಇಳಿಸಿದಂತೆ ಇಟ್ಟರು. ನಾನು ಓಡಿದೆ. ಅಷ್ಟರಲ್ಲಿ ಎಂಟು ಕೈ ಅರಗು ಕರಗಿ, ಹಂಡೆಯ ತಳಕ್ಕೆ ಮೆತ್ತಿಕೊಂಡು, ಮೇಜಿನ ಮೇಲೆ ಹುಣ್ಣಿಮೆಯ ಚಂದ್ರನಂಥ ಬಿಳಿ ವೃತ್ತ ಮೂಡಿತ್ತು. ಅದರ ಪಕ್ಕದಲ್ಲಿ ಸಾರು ಚೆಲ್ಲಿತು. ಅರಿಶಿನದ ಕಲೆಗೆ ಮದ್ದಿಲ್ಲ.

“ಸಾರೂ, ಉಣ್ರಿ. ಯಾಕ ಮಾರಿ ಸಣ್ಣ ಮಾಡೀರಿ?” ಎಂದು ಕೈಗೆ ಎಲೆ ಕೊಟ್ಟರು. ಉಂಡೆ. ಅನ್ನ ಚೆನ್ನಾಗಿತ್ತು, ಒಂದು ತಿಂಗಳಲ್ಲಿ ಕಹಿಯಿಲ್ಲದ ಮೊದಲ ಊಟ.

ಹಂಡೆ ಖಾಲಿಯಾದ ಮೇಲೆ ಅದೇ ಮೇಜು ವೇದಿಕೆಯಾಯಿತು. ಮೊದಲ ಇಬ್ಬರು ಭಾಷಣಕಾರರು ಸಣ್ಣ ಆಳು, ಮೇಜು ತಡೆಯಿತು. ಮೂರನೆಯವರು ಘನವಾದವರು. ‘ಒಂದು ಹೆಜ್ಜೆಯೂ ಹಿಂದೆ ಇಡೆವು’ ಎಂದು ಬಲಗಾಲನ್ನು ಎತ್ತಿ ಮೇಜಿನ ಮೇಲೆ ಅಪ್ಪಳಿಸಿದರು. ಠಪ್ಪೆಂದಿತು. ಜನ ಪಟಾಕಿ ಹಾರಿತೆಂದು ತಿಳಿದು ಚಪ್ಪಾಳೆ ತಟ್ಟಿದರು. ನಡುವಿನ ಹಲಗೆ ಒಂದು ತುದಿಯಿಂದ ಮುಕ್ಕಾಲು ಪಾಲು ಸೀಳಿತ್ತು. ನಾನೂ ಚಪ್ಪಾಳೆ ತಟ್ಟಿದೆ. ಸುಮ್ಮನೆ ನಿಂತರೆ ತಪ್ಪು ತಿಳಿಯುತ್ತಾರೆ.

ತಾಂಡೂರು ಸೇರಿದಾಗ ಸಂಜೆಯಾಗಿತ್ತು. ತಂಗಿ ಮೇಜುಗಳನ್ನು ನೋಡಿದಳು, ನನ್ನ ಮುಖ ನೋಡಿದಳು, “ಬಾ ಅಣ್ಣಾ, ಕೈಕಾಲ್ ತೊಕ್ಕೋ” ಎಂದಷ್ಟೇ ಅಂದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಖಾನಾವಳಿಯ ಕೋಣೆಯಿಂದ ಮತ್ತೆ ಅದೇ ಸದ್ದು ಕೇಳಿತು. ಹೋಗಿ ನೋಡಿದರೆ ಎರಡನೆಯ ಮೇಜು ಯಾರ ಭಾಷಣವೂ ಇಲ್ಲದೆ ತಾನಾಗಿಯೇ ಸೀಳಿತ್ತು. ಒಳಗೆ ಉಳಿದಿದ್ದ ಹಸಿ ಆರಿದಂತೆ ಹಲಗೆ ಅಗಲದಲ್ಲಿ ಕುಗ್ಗಿತ್ತು. ಸರಿಯಲು ಜಾಗ ಬೇಕಿತ್ತು. ನಾಲ್ಕೂ ಕಡೆ ಸ್ಕ್ರೂ ಹಾಕಿ, ಅಂಟು ಹಚ್ಚಿ ನಾನು ಆ ಜಾಗವನ್ನು ಸಂಪೂರ್ಣವಾಗಿ ಮುಚ್ಚಿದ್ದೆ. ಮೊದಲ ಮೇಜು ಒಡೆದದ್ದಕ್ಕೆ ಆ ಘನವಾದ ಭಾಷಣಕಾರರನ್ನು ದೂರುವ ಸೌಕರ್ಯವೂ ಇದರಿಂದ ತಪ್ಪಿತು.

ನಾನು ಸೀಳಿಗೆ ಬೇವಿನ ಪುಡಿ ಮತ್ತು ಅಂಟು ಕಲಸಿ ತುಂಬಲು ಕೂತೆ. ತುಂಬಿದಷ್ಟೂ ಒಣಗಿ ಉದುರುತ್ತಿತ್ತು. ಮತ್ತೆ ತುಂಬಿದೆ. ತಂಗಿಯ ಗಂಡ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತು ಇದನ್ನು ಬಹಳ ಹೊತ್ತು ನೋಡಿದ. ಮಾತಾಡುವುದೂ ಅವನಿಗೆ ಶ್ರಮವೇ. ನಡುನಡುವೆ ಉಸಿರಿಗೆ ನಿಲ್ಲಬೇಕು.

“ಭಾವಾರ, ಒಂದು ಮಾತ ಹೇಳ್ಲೇನ್ರಿ? ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಹೇಳು.”

“ತಾಂಡೂರಿನ್ಯಾಗ… ಕಟಗಿ ಮ್ಯಾಲ ಯಾಕ ಉಣ್ಣಬೇಕ್ರಿ?”

ಅವನು ಕೈ ಮಾಡಿ ತೋರಿಸಿದ ಕಡೆ ನೋಡಿದೆ. ರಸ್ತೆಯ ಆಚೆ, ಚರಂಡಿಯ ಪಕ್ಕ, ಅಂಚು ಮುರಿದ ಫರಸಿ ಕಲ್ಲುಗಳ ಒಂದು ರಾಶಿ ಇತ್ತು. ಅದರ ಆಚೆ ಇನ್ನೊಂದು. ಆ ಊರಲ್ಲಿ ನೆಲಕ್ಕೆ ಫರಸಿ, ಗೋಡೆಗೆ ಫರಸಿ, ಮಾಡಿಗೆ ಫರಸಿ. ಬಿಸಿ ಹಂಡೆ ಇಡಬಹುದು, ನೀರು ಹೊಯ್ಯಬಹುದು, ಒರೆಸಿದರೆ ಮುಗಿಯಿತು. ನಾನು ಒಂದು ತಿಂಗಳು ಮನೆಮಂದಿಗೆಲ್ಲ ಕಹಿ ಉಣಿಸಿ, ಇರುವೆ ಸಾಕಿ, ಹೆದ್ದಾರಿ ದಾಟಿ, ಕಲ್ಲಿನ ಊರಿಗೆ ಕಟ್ಟಿಗೆಯ ಮೇಜು ತಂದಿದ್ದೆ.

ಈ ಸತ್ಯ ಕಂಡ ಕೂಡಲೇ ನಾನು ಒಪ್ಪಿದೆನೆಂದು ಯಾರೂ ತಿಳಿಯಬಾರದು. ಕಲ್ಲು ಭಾರ, ಕಾಲು ತಡೆಯುವುದಿಲ್ಲ, ಜಾರುತ್ತದೆ, ಅಂಚು ಕೈಗೆ ತಾಗುತ್ತದೆ ಎಂದು ವಾದಿಸಿದೆ. ಅವನು ಪ್ರತಿಯೊಂದಕ್ಕೂ “ಹೌದ್ರಿ” ಎಂದ. ವಾದಿಸಲು ಅವನಲ್ಲಿ ಉಸಿರಿರಲಿಲ್ಲ. ನನ್ನಲ್ಲಿ ಉಸಿರೊಂದೇ ಇತ್ತು. ಮಧ್ಯಾಹ್ನ ಮೂರನೆಯ ಸಲ ತುಂಬಿದ ಪುಡಿಯೂ ಉದುರಿದಾಗ ಸ್ಕ್ರೂ ತಿರುಗಿಸುವ ಸಲಾಕೆ ಕೈಗೆತ್ತಿಕೊಂಡೆ. ತುಂಬುವುದು ನಿಲ್ಲಿಸಿ, ಬಿಚ್ಚಲು ಶುರುಮಾಡಿದೆ. ನಲವತ್ತೆಂಟು ಸ್ಕ್ರೂ. ಹನ್ನೊಂದರ ತಲೆ ಸವೆದು ಹೋಯಿತು. ಅವನ್ನು ಉಳಿಯಿಂದ ಕೆತ್ತಿ ತೆಗೆದೆ. ಅಂಟನ್ನು ಬಿಡಿಸಲು ಹಲಗೆಗಳನ್ನು ಹೊಡೆದು ಕೀಳಬೇಕಾಯಿತು. ಎಂಟು ಕೈಯ ಹೊಳಪು ಚೂರುಚೂರಾಗಿ ನೆಲದ ಮೇಲೆ ಬಿತ್ತು.

ಹಲಗೆ ಹೋದ ಮೇಲೆ ಚೌಕಟ್ಟುಗಳು ಬರಿಮೈಯಲ್ಲಿ ನಿಂತವು. ಅಲುಗಾಡಿಸಿ ನೋಡಿದೆ. ಅಲುಗಾಡಲಿಲ್ಲ. ಹಸಿ ಕಾಲು ಒಣಗುತ್ತ ಒಣ ನಾಲಗೆಯನ್ನು ಹಿಡಿದುಕೊಂಡಿತ್ತು. ಗಡಿಬಿಡಿಯಲ್ಲಿ, ಶಾಸ್ತ್ರ ಬಿಟ್ಟು, ಬೇಸರದಿಂದ ಮಾಡಿದ ಆ ಒಂದು ಕೆಲಸ ಮಾತ್ರ ಗಟ್ಟಿಯಾಗಿತ್ತು. ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕೋ ಅವನು ನಾರಾಯಣಖೇಡದ ಗಿರಣಿಯ ಬಾಗಿಲಲ್ಲಿ ಕೂತಿದ್ದ.

ಆರಡಿಯ ಇಡೀ ಕಲ್ಲು ಒಂದು ಕ್ವಿಂಟಾಲಿನ ಹತ್ತಿರ ತೂಗುತ್ತದೆ. ಅದಕ್ಕೆ ಆ ರಾಶಿಯಿಂದ ಮೇಜಿಗೆ ಮೂರಡಿಯ ಎರಡೆರಡು ತುಂಡು ಆರಿಸಿದೆವು. ಎರಡೂ ತುಂಡು ಕೂಡುವಲ್ಲಿ ಕೆಳಗೆ ಆಧಾರ ಬೇಕು. ಕಿತ್ತ ಹಲಗೆಯನ್ನೇ ಉದ್ದಕ್ಕೆ ಕೊಯ್ದು ಪ್ರತಿ ಚೌಕಟ್ಟಿನ ನಡುವೆ ಅಡ್ಡಪಟ್ಟಿ ಕೂಡಿಸಿದೆ. ಕಲ್ಲು ಜಾರದಂತೆ ನಾಲ್ಕು ಮೂಲೆಗೆ ಬೆರಳುದ್ದದ ಗೂಟ ಹೊಡೆದೆ. ಕಲ್ಲಿಗೂ ಕಟ್ಟಿಗೆಗೂ ನಡುವೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಹಾಸಿದೆವು.

ಅಂಚಿನ ಕೆಲಸ ತಂಗಿಯ ಗಂಡ ತಾನೇ ಹಿಡಿದ. ಬಕೇಟು ನೀರು, ಕೈಗಾತ್ರದ ಸಾಣೆಕಲ್ಲು ಇಟ್ಟುಕೊಂಡು ಅಂಗಳದಲ್ಲಿ ಕೂತ. ತಂಗಿ ಒಳಗಿನಿಂದ ಓಡಿಬಂದಳು.

“ಏನ್ ಮಾಡ್ಲತ್ತೀರಿ? ಡಾಕ್ಟರ್ ಏನ್ ಹೇಳ್ಯಾರ?”

“ಧೂಳಿ ಬ್ಯಾಡಂದಾರ… ನೀರ ಬ್ಯಾಡಂದಿಲ್ಲ.”

“ಕೆಮ್ಮು ಬಂತಂದ್ರ ನಾ ನೋಡಲ್ಲ ನೋಡ್ರಿ ಮತ್ತ.”

“ನೋಡಬ್ಯಾಡ. ಸಾರ ಮಾಡ್ಹೋಗು.”

ಹೋಗಲಿಲ್ಲ. ಮಗ್ಗಿನಲ್ಲಿ ನೀರು ತುಂಬಿ ಅವನು ಉಜ್ಜುವ ಕಡೆಗೆಲ್ಲ ಹೊಯ್ಯುತ್ತ ನಿಂತಳು, ಒಂದು ಕಣವೂ ಗಾಳಿಗೆ ಏಳದಂತೆ. ಅವನು ಹತ್ತು ಸಲ ಉಜ್ಜುವುದು, ನಿಲ್ಲುವುದು, ಮತ್ತೆ ಹತ್ತು ಸಲ. ಕಲ್ಲಿಗೆ ಮುರಿದ ಅಂಚು ಒಂದೊಂದೇ, ಆ ಒಂದಕ್ಕೆ ಅರ್ಧ ದಿನ. ಯಂತ್ರದ ಮೇಲೆ ಇದು ಒಂದು ನಿಮಿಷದ ಕೆಲಸವೆಂದು ಅವನೇ ಹೇಳಿದ. ಎರಡನೆಯ ದಿನ ಸಂಜೆ ನನ್ನನ್ನು ಕರೆದು ಅಂಚಿನ ಮೇಲೆ ಬೆರಳು ಆಡಿಸಲು ಹೇಳಿದ. ಆಡಿಸಿದೆ. ನಾನು ಒಂದು ತಿಂಗಳು ಗಾಜಿನ ಚೂರಿನಿಂದ ಹೆರೆದು ಪಡೆಯದ ನಯ ಅದು.

“ಚೊಲೋ ಆಗ್ಯಾದ” ಎಂದೆ.

“ಆಗಲಾರದ ಏನ್ರಿ, ಭಾವಾರ? ಇಪ್ಪತ್ತು ವರ್ಷ ಇದೇ ಮಾಡೀನಿ” ಎಂದ. ಮಾಸ್ತರನಾಗಿ ಇಪ್ಪತ್ತೆರಡು ವರ್ಷ ಮಾಡಿದವನು ಬಕೇಟಿಗೆ ನೀರು ತರಲು ಹೋದ.

ಬೆಂಚುಗಳನ್ನೂ ಬಿಡಲಿಲ್ಲ. ಅವುಗಳ ಹಲಗೆ ಇನ್ನೂ ಸೀಳಿರಲಿಲ್ಲ, ಆದರೆ ಇಂದಲ್ಲ ನಾಳೆ ಅದೇ ಹಾದಿ. ಬಿಚ್ಚಿ, ನಡುವೆ ಕಿರುಬೆರಳಿನಷ್ಟು ಸಂದು ಬಿಟ್ಟು, ಒಂದೊಂದು ತುದಿಗೆ ಒಂದೊಂದೇ ಮರದ ಗೂಟ ಹೊಡೆದು, ಬಂಡಿಯ ತಳದಂತೆಯೇ ಕೂಡಿಸಿದೆ. ಉಳಿದ ಅರಗನ್ನು ಹೆರೆದು ತೆಗೆದು ಅಗಸೆ ಎಣ್ಣೆಯನ್ನು ಬೆಚ್ಚಗೆ ಮಾಡಿ ಬಟ್ಟೆಯಿಂದ ತಿಕ್ಕಿದೆ. ಒಂದು ಕೈಗೂ ಮತ್ತೊಂದಕ್ಕೂ ನಡುವೆ ಎರಡು ದಿನ ಬಿಡಬೇಕು. ಒಂದೇ ಕೈಗೆ ನಿಲ್ಲಿಸಿದೆ, ಅದೂ ಪೂರ್ತಿ ಆರಲಿಲ್ಲ. ಎಣ್ಣೆಯ ಕೆಳಗೆ ಅರಗಿನ ಹಳೆಯ ಕಲೆಗಳು ನಕಾಶೆಯಂತೆ ಕಾಣುತ್ತಿದ್ದವು.

ಸಂಕ್ರಾಂತಿಯ ಮುನ್ನಾದಿನ, ಭೋಗಿಯ ಬೆಳಿಗ್ಗೆ ಕಲ್ಲು ಏರಿಸಿದೆವು. ನಾನು, ನನ್ನನ್ನು ಕರೆದೊಯ್ಯಲು ಮತ್ತೆ ಬಂದಿದ್ದ ಶಿಷ್ಯ, ಸ್ಟೇಷನ್ನಿನ ಇಬ್ಬರು ಹಮಾಲರು. ಒಂದು ಮೇಜಿನ ಒಂದು ಕಾಲು ನೆಲಕ್ಕೆ ತಾಗಲಿಲ್ಲ; ಅದರ ಕೆಳಗೆ ಫರಸಿಯ ಚೂರು ಸೇರಿಸಿದೆವು. ಹನ್ನೊಂದಕ್ಕೆ ಒಲೆ ಹತ್ತಿತು. ಸಜ್ಜೆ ರೊಟ್ಟಿ, ಭೋಗಿಯ ಕಾಯಿಪಲ್ಯ, ತೊಗರಿಬೇಳೆ ಸಾರು. ಹನ್ನೆರಡೂವರೆಗೆ ಕೋಣೆಯ ಮಾಲಕ ಬಂದ. ಮೇಜಿನ ಮೇಲೆ ಗೆಣ್ಣಿನಿಂದ ಕುಟ್ಟಿ ನೋಡಿ, ಬೆಂಚಿನ ಮೇಲೆ ಕೂತು, ಎರಡು ರೊಟ್ಟಿ ಉಂಡು, ಮೂರನೆಯದು ಕೇಳಿದ. ಏಳುವಾಗ ಅವನ ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಅಗಸೆ ಎಣ್ಣೆಯ ನಾಲ್ಕು ಪಟ್ಟೆಗಳಿದ್ದವು. ಅದನ್ನು ಅವನಿಗೆ ನಾವು ಯಾರೂ ಹೇಳಲಿಲ್ಲ.

ಆ ಮಧ್ಯಾಹ್ನ ಖಾನಾವಳಿಯಲ್ಲಿ ಹದಿನೇಳು ಮಂದಿ ಉಂಡರು. ಕೋಣೆ ತಂಗಿಗೆ ಉಳಿಯಿತು.